ಗೀಟು ಬೀಳದ ಎರಡು ಸಾಲು

ಮಧುಗಿರಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತೆಂದರೆ ಹೆಂಗಸರ ಕಡೆಯ ಚಾಪೆಯಲ್ಲಿ ಸರ್ವಮಂಗಳಾಗೆ ಒಂದು ಜಾಗ ಬಿಟ್ಟೇ ಇರುತ್ತಿತ್ತು. ಹೆಡ್‌ಮೇಷ್ಟರು ಪರ್ವತಯ್ಯನವರ ಹೆಂಡತಿ ಅನ್ನುವ ಮರ್ಯಾದೆಗಲ್ಲ. ಯುದ್ಧದ ಚಿತ್ರದಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳಬಲ್ಲವಳು ಊರಿಗೆಲ್ಲ ಅವಳೊಬ್ಬಳೇ.

ಜರ್ಮನಿ, ಜಪಾನಿನ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ಡೇರೆಗೆ ಬರುತ್ತಿದ್ದ ಮೂರು ಚಿತ್ರಗಳಲ್ಲಿ ಒಂದು ಯುದ್ಧದ್ದೇ. ಸರ್ವಮಂಗಳಾಳ ತಂದೆ ತುಮಕೂರಿನಲ್ಲಿ ಅಮಲ್ದಾರರ ಕಚೇರಿಯ ಗುಮಾಸ್ತರಾಗಿದ್ದವರು. ಹಿಂದಿನ ಮಹಾಯುದ್ಧದ ಚಿತ್ರಗಳಿದ್ದ ಇಂಗ್ಲಿಷ್ ಪತ್ರಿಕೆಗಳನ್ನು ವರ್ಷವರ್ಷವೂ ಕಟ್ಟುಹಾಕಿಸಿ ಇಟ್ಟಿದ್ದರು. ಮದುವೆಯಾಗಿ ಬರುವಾಗ ಅವಳು ಅಪ್ಪನನ್ನು ಕೇಳಿ ತಂದದ್ದು ಅವನ್ನೇ. ಮಕ್ಕಳಾಗಲಿಲ್ಲ. ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು. ಓದಿ ಓದಿ ತೋಪುಗಳ ಹೆಸರು, ಟೋಪಿಗಳ ಆಕಾರ, ಕಾಳಗಗಳ ತಾರೀಖು ಎಲ್ಲ ಅವಳ ನಾಲಗೆಯ ತುದಿಗೆ ಬಂದಿದ್ದವು. ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಡೇರೆಯಲ್ಲಿ ಕೇಳುತ್ತಿದ್ದರು.

"ಇದು ಸರಿಯೇನ್ರಮ್ಮ?"

"ಕುದುರೆ ಸವಾರರು ಕಾಲಿಗೆ ಸುತ್ತಿಕೊಳ್ಳೋ ಪಟ್ಟೀನ ಹರಡಿನ ಹತ್ತಿರ ಕಟ್ಟಬೇಕು. ಇವರು ಮಂಡಿ ಕೆಳಗೆ ಕಟ್ಟಿದಾರೆ. ನಡೆಯೋ ಸಿಪಾಯಿಗಳನ್ನ ತಂದು ಕುದುರೆ ಹತ್ತಿಸಿದಾರೆ."

ಚಾಪೆಯ ತುಂಬ ನಗು ಹರಿಯುತ್ತಿತ್ತು. ಅಂಥ ತಪ್ಪುಗಳನ್ನೆಲ್ಲ ಅವಳು ಹಳೆಯ ಕಾಪಿ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದಳು. ಡೇರೆಯ ಮಾಲೀಕ ಸಂಜೀವಯ್ಯ, "ಅಮ್ಮಾವ್ರು ಬಂದ ದಿವಸ ನನ್ನ ಸೈನ್ಯದಲ್ಲಿ ಅರ್ಧ ಜನ ಗುಂಡು ಬೀಳೋಕೆ ಮುಂಚೇನೇ ಸಾಯ್ತಾರೆ" ಅನ್ನುತ್ತಿದ್ದ.

ಅವಳ ಪಕ್ಕದಲ್ಲಿ ಯಾವಾಗಲೂ ಕೂರುತ್ತಿದ್ದವಳು ಚಿಕ್ಕಕ್ಕ. ಕೋಟೆ ಬೆಟ್ಟದ ಬುಡದ ಹಟ್ಟಿಯವಳು. ಪ್ರತಿ ಬೇಸಿಗೆಗೆ ಸರ್ವಮಂಗಳಾಳ ಮನೆಗೆ ಹುಣಸೆಹಣ್ಣು ಬಿಡಿಸಲು ಬರುವವಳು. ಅವಳ ಗಂಡ ಕದರಪ್ಪ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯಲ್ಲಿ ಹಿಂದಿನ ಯುದ್ಧಕ್ಕೆ ಹೋದವನು ಬಂದಿರಲಿಲ್ಲ. ಹೈಫಾ ಎಂಬ ಊರನ್ನು ಹಿಡಿಯಲು ನಮ್ಮ ಸವಾರರು ಬೆಟ್ಟದ ಮೇಲಿನ ಫಿರಂಗಿಗಳ ಮುಂದೆ ನುಗ್ಗಿದ ದಿನ ಎದೆಗೆ ಗುಂಡು ತಾಗಿ ಬಿದ್ದ ಎಂದು, ಪಡೆ ಹಿಂದಿರುಗಿದ ಮೇಲೆ ಕೊರಟಗೆರೆ ಕಡೆಯ ತಿಪ್ಪಯ್ಯ ಎಂಬ ಜೊತೆಗಾರ ಬಂದು ಹೇಳಿಹೋಗಿದ್ದ. ತಿಪ್ಪಯ್ಯನೂ ಈಗಿಲ್ಲ. ಅವನ ಮಾತು ಮಾತ್ರ ಚಿಕ್ಕಕ್ಕನ ಬಾಯಲ್ಲಿ ಒಂದಕ್ಷರ ಕದಲದೆ ಉಳಿದಿತ್ತು. "ಕೈಯಾಗಿನ ಭರ್ಜಿ ಬುಡ್ಲಿಲ್ವಂತೆ ಕಣ್ರಮ್ಮ. ರೆಪ್ಪೆ ಹೊಡೆಯೋದ್ರಾಗೆ ಆಗೋಯ್ತಂತೆ. ನೀರು ಅಂತ ಸೈತ ಅನ್ನಲಿಲ್ವಂತೆ."

ಸಿನಿಮಾದವರ ಸಾವುಗಳನ್ನೆಲ್ಲ ಸರ್ವಮಂಗಳಾ ಈ ಸಾವಿನ ಪಕ್ಕದಲ್ಲಿಟ್ಟು ನೋಡುತ್ತಿದ್ದಳು. ಇದೊಂದನ್ನು ಮಾತ್ರ ಅವಳು ಎಂದೂ ಒರೆಗೆ ಹಚ್ಚಿರಲಿಲ್ಲ.

ಆ ವರ್ಷ ಮಾಘ ಕಳೆದು ಬಿಸಿಲು ಏರಿತ್ತು. ಹಿಂದಿನ ಸಂಜೆಯ ಚಿತ್ರದಲ್ಲಿ ಗಾಯಗೊಂಡ ಸಿಪಾಯಿಯೊಬ್ಬ ಹೆಂಡತಿಗೆ ನಾಲ್ಕು ಹಾಳೆ ಕಾಗದ ಬರೆದಿದ್ದ. ಹಜಾರದಲ್ಲಿ ಹುಣಸೆಯ ರಾಶಿಯ ಮುಂದೆ ಕೂತು ಸರ್ವಮಂಗಳಾ ಅದನ್ನೇ ಆಡಿಕೊಳ್ಳುತ್ತಿದ್ದಳು.

"ನಾಲ್ಕು ಹಾಳೆ ಬರೆಯೋಕೆ ಪುರುಸೊತ್ತು ಎಲ್ಲಿತ್ತು? ಅಚ್ಚು ಹಾಕಿಸಿದ ಕಾರ್ಡು ಕೊಡ್ತಿದ್ರು. ಕ್ಷೇಮ, ಆಸ್ಪತ್ರೇಲಿದೀನಿ, ಹೀಗೆ ಸಾಲು ಸಾಲು. ಬೇಡದ ಸಾಲಿನ ಮೇಲೆ ಗೀಟು ಎಳೆದು ತಾರೀಖು, ರುಜು ಹಾಕಿದರೆ ಆಯ್ತು. ಬೇರೆ ಒಂದಕ್ಷರ ಬರೆದರೂ ಹರಿದು ಬಿಸಾಕ್ತಿದ್ರು."

ಚಿಕ್ಕಕ್ಕನ ಕೈ ನಿಂತಿತು. "ಅಂತಾದ್ದು ನಂತಾವ ಐತೆ ಕಣ್ರಮ್ಮ."

"ಏನು?"

"ಅದೇ, ಗೀಟು ಹೊಡೆದಿರೋ ಕಾಲ್ಡು. ಜ್ವರ ಬಂದು ಊರೆಲ್ಲ ಸಾಯ್ತಿದ್ದ ವರ್ಸ ಬಂದಿತ್ತು. ಟಪಾಲಿನೋನು ಮೊದಲ್ನೆ ಸಾಲು ಓದಿ, ಕ್ಷೇಮ ಅಂತ ಐತೆ ಕಣಮ್ಮ ಅಂದ. ಕ್ಷೇಮ ಅಂತ ಬರೆದ ಮ್ಯಾಲೆ ಯುದ್ಧಕ್ಕೆ ನುಗ್ಗವ್ರೆ, ಪಾಪ."

"ಹೋಗಿ ತಗೊಂಡು ಬಾ," ಎಂದಳು ಸರ್ವಮಂಗಳಾ. ದನಿಯಲ್ಲಿ ಉತ್ಸಾಹ ತುಳುಕುತ್ತಿತ್ತು. ಪತ್ರಿಕೆಯ ಚಿತ್ರದಲ್ಲಿ ಮಾತ್ರ ಕಂಡಿದ್ದ ವಸ್ತು, ಇಷ್ಟು ವರ್ಷ ಇಷ್ಟು ಹತ್ತಿರದಲ್ಲಿತ್ತು. ಆ ಉತ್ಸಾಹವನ್ನು ನೆನೆದು ಆಮೇಲೆ ಅವಳು ಎಷ್ಟೋ ದಿನ ನಾಚಿಕೆಯಿಂದ ಮೈ ಹಿಡಿಮಾಡಿಕೊಂಡಳು.

ಚಿಕ್ಕಕ್ಕ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ತಂದಳು. ಹುಣಸೆಯ ಅಂಟು ಹತ್ತದಂತೆ ಇಬ್ಬರೂ ಕೈ ತೊಳೆದುಕೊಂಡರು. ಕಾರ್ಡು ಒಣಗಿದ ಮುತ್ತುಗದ ಎಲೆಯ ಬಣ್ಣಕ್ಕೆ ತಿರುಗಿತ್ತು. ಅಚ್ಚಿನ ಸಾಲುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕೆಳಗೆ ಕನ್ನಡದಲ್ಲಿ, ಸೈನ್ಯ ಸೇರಿದ ಮೇಲೆ ಕಲಿತ ದಪ್ಪ ಅಕ್ಷರಗಳಲ್ಲಿ, ಕದರಪ್ಪ ಎಂದಿತ್ತು. ಪಕ್ಕದಲ್ಲಿ ಬೇರೆ ಯಾರದೋ ಕೈಯ ತಾರೀಖು. ಸರ್ವಮಂಗಳಾ ಮೊದಲು ನೋಡಿದ್ದು ಅದನ್ನೇ. ಅದು ಅವಳ ಅಭ್ಯಾಸ.

ಅಕ್ಟೋಬರ್ ಹನ್ನೆರಡು, ಸಾವಿರದ ಒಂಬೈನೂರ ಹದಿನೆಂಟು.

ಹೈಫಾ ಬಿದ್ದದ್ದು ಸೆಪ್ಟೆಂಬರ್ ಇಪ್ಪತ್ತಮೂರಕ್ಕೆ. ಇದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕ್ಷೇಮ ಎಂಬ ಸಾಲಿನ ಮೇಲೆ ಗೀಟು ಬಿದ್ದಿತ್ತು. ಗಾಯ ಎಂಬ ಮಾತಿನ ಮೇಲೂ ಬಿದ್ದಿತ್ತು. ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದೇನೆ ಎಂಬುದು ಉಳಿದಿತ್ತು. ಅದರ ಕೆಳಗೆ ಇನ್ನೊಂದು ಸಾಲು. ಅದನ್ನು ಓದಿ ಅವಳು ಕಣ್ಣನ್ನು ಮೇಲೆ ಎತ್ತಲಾರದೆ ಹೋದಳು. ಆ ದೇಶದಲ್ಲಿ ಗುಂಡಿಗಿಂತ ಚಳಿಜ್ವರಕ್ಕೆ ಹೆಚ್ಚು ಜನ ಸತ್ತರೆಂದು ಎಷ್ಟು ಸಲ ಓದಿದ್ದಳು. ತಿಪ್ಪಯ್ಯನ ಕಥೆಗೆ ಅದನ್ನು ತಾಗಿಸಿ ನೋಡಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ಪಾಪ ತಿಪ್ಪಯ್ಯ, ಒಂದು ಒಳ್ಳೆಯ ಸಾವನ್ನು ಕಟ್ಟಿ ತಂದುಕೊಟ್ಟಿದ್ದ, ಸಿನಿಮಾದವರ ಹಾಗೆ.

"ಏನೈತಮ್ಮ?"

"ಅದೇ," ಎಂದಳು. "ಕ್ಷೇಮ ಅಂತ."

"ಕ್ಷೇಮದ ಮ್ಯಾಲೆ ಗೀಟೈತಲ್ರಮ್ಮ. ಮೊದಲ್ನೆ ಸಾಲು ಅದೇ ಅಂದಿದ್ದ ಟಪಾಲಿನೋನು. ಬೇಡದ್ದಕ್ಕೆ ಗೀಟು ಹಾಕ್ತಾರೆ ಅಂತ ಈಗ ನೀವೇ ಅಂದ್ರಿ." ಚಿಕ್ಕಕ್ಕ ಬೆರಳನ್ನು ಕಾರ್ಡಿಗೆ ತಾಗಿಸದೆ ಮೇಲಿಂದಲೇ ತೋರಿಸಿದಳು. "ಗೀಟಿಲ್ದವು ಎರಡು ಅವೆ. ಇದೊಂದು, ಇದೊಂದು. ಇಪ್ಪತ್ತೈದು ವರ್ಸದಿಂದ ನೋಡ್ತಿದೀನಿ. ಅವೆರಡ ಯೋಳಿ."

ಸರ್ವಮಂಗಳಾ ಮೊದಲನೆಯದನ್ನು ಹೇಳಿದಳು. ತಾರೀಖನ್ನೂ ಹೇಳಿದಳು. ಚಿಕ್ಕಕ್ಕ ಅಳಲಿಲ್ಲ. ಕೇಳಿದ್ದನ್ನು ತಲೆಯೊಳಗೆ ಎಲ್ಲೋ ಇಡಲು ಜಾಗ ಹುಡುಕುವವಳಂತೆ ಕೂತಳು.

"ಪಿತೃಪಕ್ಸದ ಮೂರ್ನೆ ದಿನ ಸತ್ರು ಅಂದಿದ್ದ ತಿಪ್ಪಯ್ಯ. ಅವತ್ತೇ ಎಡೆ ಇಕ್ತಿದ್ದೆ."

"ಅವತ್ತು ಯುದ್ಧ ಆದದ್ದು ನಿಜ. ಅದಾದ ಮೇಲೆ ಹತ್ತೊಂಬತ್ತು ದಿನಕ್ಕೆ ಈ ಕಾರ್ಡು."

"ಅಂಗಾರೆ ದಸರೆಗೂ ಇದ್ರು." ಚಿಕ್ಕಕ್ಕ ಬೆರಳು ಮಡಿಚಿ ದಿನ ಎಣಿಸಿದಳು. "ಜೀವ ಇದ್ದ ದಿನಕ್ಕೆ ಎಡೆ ಇಕ್ಕಿಬುಟ್ಟೆ ಇಷ್ಟು ವರ್ಸ. ಇನ್ನೊಂದು ಸಾಲು ಯೋಳಿ."

ಸರ್ವಮಂಗಳಾ ಇದುವರೆಗೆ ಸಿಪಾಯಿಯ ಅಂಗಿಯ ಒಂದು ಗುಂಡಿಯ ಲೆಕ್ಕವನ್ನೂ ತಪ್ಪು ಹೇಳಿದವಳಲ್ಲ. ಆ ಸಾಲಿನ ನೇರ ಮೇಲೆ, ಗೀಟು ಬಿದ್ದು, ಅದರ ತದ್ವಿರುದ್ಧ ಮಾತಿತ್ತು. ಅವಳು ಅದನ್ನೇ ಓದಿದಳು.

"ನಿನ್ನ ಕಾಗದ ತಲುಪಿತು, ಅಂತ ಇದೆ."

ಒಂದು ಹುಣಸೆಬೀಜ ಚಿಕ್ಕಕ್ಕನ ಮಡಿಲಿನಿಂದ ಉರುಳಿ ಕಂಬಕ್ಕೆ ತಾಗಿತು.

"ನಾನು ಕಾಗದ ಹಾಕಿಸ್ಲೇ ಇಲ್ವಲ್ರಮ್ಮ," ಎಂದಳು ಚಿಕ್ಕಕ್ಕ, ಮೆಲ್ಲಗೆ.

ಸರ್ವಮಂಗಳಾ ಕಾರ್ಡನ್ನು ಇಬ್ಬರ ನಡುವೆ ಇಟ್ಟಳು.

"ಒಂದ್ಸಲ ಹೋಗಿದ್ದೆ. ಕಚೇರಿ ಜಗಲಿ ಮ್ಯಾಲೆ ಕಾಗದ ಬರೆಯೋ ಮುದುಕ ಕೂರ್ತಿದ್ದ. ಯೋಳಮ್ಮ, ಗಂಡನಿಗೆ ಏನಂತ ಬರೀಲಿ ಅಂದ. ಅವನ ಎದುರಿಗೆ ಏನಂತ ಯೋಳ್ಲಿ? ಹದಿನೆಂಟೋ ಇಪ್ಪತ್ತೋ ನಂಗೆ. ಬಾಯೇ ಬರ್ಲಿಲ್ಲ. ಎದ್ದು ಬಂದ್ಬುಟ್ಟೆ. ಬಂದಾಗ ಎಲ್ಲ ಒಟ್ಟಿಗೆ ಯೋಳಾನ ಅಂತ ಇದ್ದೆ." ಅವಳು ಕಾರ್ಡಿನ ಕಡೆ ನೋಡಿದಳು. "ದಿಟ ಓದಿ ಅಮ್ಮಾರೆ. ಸಿನಿಮಾದೋರು ಸುಳ್ಳು ಮಾಡಿದ್ರೆ ನೀವು ಬುಡ್ತೀರಾ?"

ಸರ್ವಮಂಗಳಾ ಓದಿದಳು. "ಬಹಳ ದಿನದಿಂದ ನಿನ್ನಿಂದ ಕಾಗದ ಬಂದಿಲ್ಲ."

ಹೊರಗೆ ಪಾವಗಡದ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಚಿಕ್ಕಕ್ಕ ಕಾರ್ಡನ್ನು ತೆಗೆದುಕೊಂಡು, ಆ ಸಾಲು ಎಲ್ಲಿದೆ ಎಂದು ಕೇಳಿ ತಿಳಿದು, ಮಡಿಲಲ್ಲಿಟ್ಟುಕೊಂಡು ದಿಟ್ಟಿಸಿದಳು. ಆಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮತ್ತೆ ರಾಶಿಗೆ ಕೈ ಹಾಕಿದಳು. ನಾರು ಎಳೆದಳು, ಬೀಜ ತೆಗೆದಳು.

ಸುಮಾರು ಹೊತ್ತಿನ ಮೇಲೆ ಚಿಕ್ಕಕ್ಕ ತಲೆ ಎತ್ತದೆ ಕೇಳಿದಳು. "ಜ್ವರ ಬಂದೋರು ನೀರು ಕೇಳ್ತಾರಲ್ರಮ್ಮ. ಆ ದೇಸದಾಗೆ ನೀರಿಗೆ ಏನಂತಾರೆ?"

ಅಲ್ಲಿನ ಫಿರಂಗಿಗಳ ಬಾಯಿಯ ಅಗಲ ಸರ್ವಮಂಗಳಾಗೆ ಗೊತ್ತಿತ್ತು. ಅಂದು ಯಾವ ಪಡೆ ಯಾವ ಕಡೆಯಿಂದ ಬೆಟ್ಟ ಹತ್ತಿತೆಂದು ಗೊತ್ತಿತ್ತು. ಆಸ್ಪತ್ರೆಯಲ್ಲಿ ನಮ್ಮ ಕಡೆಯವರೇ ಇದ್ದಿರಬಹುದು, ಯಾರಾದರೂ ಕೊಟ್ಟಿರುತ್ತಾರೆ ಎಂಬ ಮಾತು ಬಾಯಿಯವರೆಗೂ ಬಂತು. ಆದರೆ ಅದನ್ನು ಅವಳು ಎಲ್ಲಿಯೂ ಓದಿರಲಿಲ್ಲ.

"ಗೊತ್ತಿಲ್ಲ, ಚಿಕ್ಕಕ್ಕ," ಎಂದಳು.