ಹದಿನೇಳು ಗೀರು

ಮುದುಕ ಪೆಂಗೆಲ್ಲಿ ನಾಲ್ಕಕ್ಕೆ ಬರುವವನಿದ್ದ. ಮೂರು ಗಂಟೆಗೇ ನಾನು ಕಿಟಕಿಯ ಬಳಿ ಬಂದು ನಿಂತಿದ್ದೆ.

ತಪ್ಪು ನನ್ನದೇ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುವಾಗ ಬೀದಿ ಕಾಯುತ್ತಿದ್ದ ವಾರ್ಡನ್‌ಗಳ ಬೆಳ್ಳಿ ಬಿಲ್ಲೆಗಳನ್ನು ಮೂವತ್ತು ವರ್ಷದಿಂದ ಕೂಡಿಡುತ್ತಿದ್ದೇನೆ. ಹಳೆಯ ಬೆಳ್ಳಿಯನ್ನು ಉಜ್ಜಬಾರದು ಎನ್ನುವುದು ಕೂಡಿಡುವ ನಮ್ಮಂಥವರ ಮೊದಲ ಪಾಠ. ನಾನೋ ಮಹಾ ಬುದ್ಧಿವಂತ! ಶುರುವಿನ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಪಾಲಿಶ್ ಯಂತ್ರಕ್ಕೆ ಹಿಡಿದು ಫಳಫಳ ಮಾಡಿಬಿಟ್ಟಿದ್ದೆ.

ಹೋದ ಶನಿವಾರ ನಮ್ಮೂರು ಪ್ಲಿಮತ್‌ನ ಚರ್ಚ್ ಹಾಲಿನಲ್ಲಿ ಕೆಲವನ್ನು ಪ್ರದರ್ಶನಕ್ಕಿಟ್ಟಿದ್ದೆ. ಆಗ ಬಂದ ಈ ಪೆಂಗೆಲ್ಲಿ ಮುದುಕ.

"ಹೆಂಗಸರ ಬಿಲ್ಲೆ ಇದೆಯಾ? ಪಿನ್ನು ಚುಚ್ಚಿ ಹಾಕ್ಕೊಳ್ಳೋದು? ನಮ್ಮಮ್ಮ ವಾರ್ಡನ್ ಆಗಿದ್ಲು. ಬಾಂಬು ಬಿದ್ದ ರಾತ್ರಿ ಕಳೆದು ಅವಳು ಜೀವಂತ ಮನೆಗೆ ಬಂದಾಗೆಲ್ಲ ಬಿಲ್ಲೆ ಹಿಂದೆ ನಾನೊಂದು ಗೀರು ಎಳೀತಿದ್ದೆ. ಆರು ವರ್ಷದವ್ನು ನಾನು. ಹದಿನೇಳು ಗೀರು. ಆಮೇಲೊಂದು ದಿನ ಅವಳು ಬರ್ಲೇ ಇಲ್ಲ. ಬಿಲ್ಲೆ ಯಾರ ಕೈ ಸೇರ್ತೋ."

ಹೆಂಗಸರ ಬೆಳ್ಳಿ ಬಿಲ್ಲೆ ನನ್ನ ಬಳಿ ಇದ್ದದ್ದೇ ಒಂದು, ಮನೆಯಲ್ಲಿ. ಅದರ ಬೆನ್ನ ತುಂಬ ಗೀರುಗಳಿದ್ದವು. ಯಾವುದೋ ತುಂಟನ ಕೆಲಸವೆಂದು ಬೈದುಕೊಂಡು ಅದನ್ನೊಂದನ್ನು ಯಂತ್ರಕ್ಕೆ ಹೆಚ್ಚು ಹೊತ್ತು ಹಿಡಿದಿದ್ದೆ.

"ಹುಡುಕ್ತೀನಿ, ಗುರುವಾರ ಮನೆಗೆ ಬನ್ನಿ" ಎಂದುಬಿಟ್ಟೆ.

"ನಿಜ ಹೇಳ್ಬಿಡು" ಅಂದಳು, ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಮಾರಿಯನ್.

"ಏನಂತ? ನಿಮ್ಮಮ್ಮನ ಗುರುತನ್ನ ಯಾವನೋ ತುಂಟ ಗೀಚಿದ್ದು ಅಂದ್ಕೊಂಡು ಉಜ್ಜಿ ಹಾಕ್ದೆ ಅಂತ್ಲಾ?"

"ಹೂಂ, ಹಾಗೇ ಹೇಳು. ಸುಳ್ಳು ಹೇಳೋಕೆ ನಿಂಗೆ ಬರಲ್ಲ ಕಣೋ ದಡ್ಡ."

ಹೇಳುವ ಧೈರ್ಯ ನನಗೆಲ್ಲಿತ್ತು? ಸೂಜಿ ತಗೊಂಡೆ. ಅದೇ ಬಿಲ್ಲೆಯ ಹಿಂದೆ ಹದಿನೇಳು ಗೀರು ಎಳೆದು, ಹೊಸತೆಂದು ಕಾಣದಿರಲಿ ಎಂದು ಬೂಟ್ ಪಾಲಿಶ್ ತಿಕ್ಕಿದೆ.

ಗುರುವಾರ ನಾಲ್ಕಕ್ಕೆ ಸರಿಯಾಗಿ ಪೆಂಗೆಲ್ಲಿ ಬಂದ. ಟೋಪಿಯನ್ನೂ ತೆಗೆಯದೆ ಕೂತು, ಬಿಲ್ಲೆ ತಿರುಗಿಸಿ, ಗೀರುಗಳ ಮೇಲೆ ಉಗುರು ಆಡಿಸುತ್ತ ಎಣಿಸತೊಡಗಿದ. ನಾನೂ ಮನಸ್ಸಿನಲ್ಲೇ ಜೊತೆಗೆ ಎಣಿಸಿದೆ.

"ಹದಿನೇಳು" ಎಂದ. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಅವನು ಬಿಲ್ಲೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಇದ್ದದ್ದು ಹತ್ತೊಂಬತ್ತು. ಮೊದಲು ಮೂರು ಜನ ಯಾವ್ಯಾವ್ದೋ ಬಿಲ್ಲೆಗೆ ಹೀಗೇ ಗೀಚಿ ಕೊಡೋಕೆ ಬಂದ್ರು. ಅದಕ್ಕೇ ಈಗ ಯಾರಿಗೂ ನಿಜವಾದ ಲೆಕ್ಕ ಹೇಳಲ್ಲ."

"ಅಯ್ಯೋ, ಇದು ಅದೇ ಬಿಲ್ಲೆ!" ನಾನು ಬಿಲ್ಲೆಯನ್ನು ಎತ್ತಿಕೊಂಡೆ. "ದೇವರಾಣೆ! ಗೀರಿದ್ವು, ನಾನೇ ಅಳಿಸಿದ್ದು. ಹೆದರಿ ಮತ್ತೆ ಎಳೆದೆ..."

"ಅವ್ರೂ ಏನೇನೋ ಹೇಳಿದ್ರಪ್ಪ" ಎಂದು ಎದ್ದ. ಅವನಿಗೆ ಸಿಟ್ಟೂ ಬಂದಿರಲಿಲ್ಲ, ಅದೇ ನನ್ನನ್ನು ಕೊಂದಿತು.

ಗೇಟಿನವರೆಗೂ ಹಿಂದೆ ಓಡಿದೆ. ಮುದುಕ ತಿರುಗಿ ನೋಡಲಿಲ್ಲ. ಅವನ ಅಮ್ಮನ ಬಿಲ್ಲೆ ನನ್ನ ಮುಷ್ಟಿಯಲ್ಲೇ ಇತ್ತು.