ವರನ ಸಾಲ

ನವಲಗುಂದದ ಒಂದು ಬ್ಯಾಂಕಿನ ಮೇಲಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸಾಲ ಮಾಡಿಕೊಂಡವರಿಗೆ ಬುದ್ಧಿ ಹೇಳುವ ಸಭೆ ನಡೆಯುತ್ತದೆ. ಬುದ್ಧಿ ಪುಕ್ಕಟೆ, ಜೊತೆಗೆ ಚಹಾ, ಬಿಸ್ಕಿಟು. ತಿರ್ಲಾಪುರದ ಶಂಕ್ರಪ್ಪ ತಾನು ಹೋದದ್ದು ಚಹಾಕ್ಕೆ ಎಂದು ಹೇಳಿಕೊಳ್ಳುತ್ತಾನೆ; ನಂಬಬೇಡಿ. ಅವನು ಹೋದದ್ದು ಹೆದರಿ. ಹೈಸ್ಕೂಲಿನಲ್ಲಿ ಸಿಪಾಯಿ, ತಿಂಗಳು ತುಂಬಿದೊಡನೆ ಪಗಾರ, ಮಕ್ಕಳಿಲ್ಲ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೂ ಪಗಾರದಲ್ಲಿ ಅರ್ಧಕ್ಕರ್ಧ ಬಡ್ಡಿಗೆ ಹೋಗುತ್ತಿತ್ತು. ಆ ಅರ್ಧವನ್ನು ಮುಪ್ಪಿನ ಕಾಲಕ್ಕೆಂದು ಸರಕಾರ ಹಿಡಿದಿಟ್ಟುಕೊಳ್ಳುತ್ತದೆ ಎಂದು ಹೆಂಡತಿ ಸುಶೀಲವ್ವನಿಗೆ ಹೇಳಿದ್ದ. ಅವಳು ಸರಕಾರವನ್ನೂ ಗಂಡನನ್ನೂ ನಂಬಿದ್ದಳು. ಖರೆ ಗೊತ್ತಾದ ದಿನ ಅವಳು ತನ್ನನ್ನು ಯಾವ ಕಣ್ಣಿನಿಂದ ನೋಡಿಯಾಳು ಎಂಬುದೊಂದೇ ಅವನ ಹೆದರಿಕೆ. ಸಾಲ ಕೊಟ್ಟವರಿಗೆ ಅವನು ಅಷ್ಟು ಹೆದರಿದವನಲ್ಲ.

ಸಾಲ ಆದದ್ದು ಹೇಗೆಂದರೆ ನಿಮಗೆ ನಗು ಬರುತ್ತದೆ. ಕಂಡವರ ಮದುವೆಗೆ ಆಹೇರ ಮಾಡಿ ಮಾಡಿ ಆದದ್ದು. ಈ ಕಡೆ ಮದುವೆ, ಬಸುರಿಗೆ ಮಾಡುವ ಕುಬಸ, ತೊಟ್ಟಿಲು, ಯಾವ ಕಾರ್ಯವಾದರೂ ಬಂದವರು ಆಹೇರವೆಂದು ಉಡುಗೊರೆ ಕೊಡುತ್ತಾರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಅವರ ಮನೆಯಲ್ಲಿ ಕಾರ್ಯವಾದಾಗ ಇವರು ಅಷ್ಟೇ, ಇಲ್ಲವೆ ಒಂದು ಕೈ ಹೆಚ್ಚೇ ತಿರುಗಿ ಕೊಡಬೇಕು. ಶಂಕ್ರಪ್ಪನ ಹೆಸರು ಕೂಗಿದಾಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು. ನೂರಾ ಒಂದರಿಂದ ಶುರುವಾದದ್ದು ಐದುನೂರಾ ಒಂದಾಯಿತು, ಸ್ಟೀಲಿನ ತಟ್ಟೆ ಹಿತ್ತಾಳೆಯ ಕೊಡವಾಯಿತು, ಕೊಡದ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಕೆತ್ತಿಸುವುದಾಯಿತು. ಹೋದ ವರ್ಷ ಸುಶೀಲವ್ವನ ತೀರಿಹೋದ ತಂಗಿಯ ಮಗಳು ನಂದಾಳಿಗೆ ಗಂಡು ಹುಟ್ಟಿದಾಗ, ತವರಿನ ತೊಟ್ಟಿಲು ತರುವವರು ಯಾರೂ ಇಲ್ಲವೆಂದು ಇವರೇ ಕಲಘಟಗಿಯ ಬಣ್ಣದ ತೊಟ್ಟಿಲು ತಂದು ತೂಗಿದರು. ಆ ದುಡ್ಡು ಮಾತ್ರ ತಾನು ಹೊಲಿಗೆಯಲ್ಲಿ ಕೂಡಿಟ್ಟದ್ದು ಎಂದಿದ್ದಳು ಸುಶೀಲವ್ವ. ಅಂದು ಮೈಕಿನಲ್ಲಿ ಹೆಸರು ಬಂದಾಗ ಶಂಕ್ರಪ್ಪನ ಕಣ್ಣಲ್ಲಿ ನೀರೇ ಬಂದಿತ್ತು.

ಸಭೆಯಲ್ಲಿ ಬುದ್ಧಿ ಹೇಳುವವಳು ಹುಬ್ಬಳ್ಳಿಯಿಂದ ಬರುವ ರೋಹಿಣಿ ಮೇಡಂ.

"ಮೊದಲ ಮನ್ಯಾಗ ಖರೇ ಹೇಳ್ರಿ," ಎಂದಳು ಅವಳು. "ಯಾರ ಕಡೆ ಎಷ್ಟ ಸಾಲ ಐತಿ ಅನ್ನೋದು ಗಂಡಗೂ ಹೆಂಡ್ತಿಗೂ ಗೊತ್ತಿರಬೇಕು. ಆಮ್ಯಾಲ ಹೆಚ್ಚಿನ ಬಡ್ಡಿದ್ದನ್ನ ಮೊದಲ ಮುಟ್ಟಸ್ರಿ. ನಿಮಗ ಯಾರರ ಕೊಡೋದಿದ್ರ ಅದನ್ನ ವಸೂಲ ಮಾಡ್ಕೋರಿ."

ಮೊದಲ ಮಾತಿಗೆ ಶಂಕ್ರಪ್ಪ ತಲೆ ತಗ್ಗಿಸಿದ. ಎರಡನೆಯದಕ್ಕೆ ಬಿಸ್ಕಿಟನ್ನು ಚಹಾದಲ್ಲಿ ಅದ್ದಿದ. ಕೊನೆಯ ಮಾತು ಕಿವಿಗೆ ಬಿದ್ದದ್ದೇ ನೆಟ್ಟಗೆ ಕುಳಿತ. ಬಿಸ್ಕಿಟು ಚಹಾದಲ್ಲೇ ಮುಳುಗಿತು. ನನಗೆ ಯಾರು ಕೊಡಬೇಕು? ಇಡೀ ಊರೇ ಕೊಡಬೇಕು.

ಬಸ್ಸಿಳಿದವನೇ ಗಂಗಪ್ಪನ ಮನೆಗೆ ಹೋದ. ಗಂಗಪ್ಪ ಊರಿನ ಮೈಕ್‌ಸೆಟ್ಟಿನ ಮಾಲೀಕ, ಎಲ್ಲ ಮದುವೆಗಳಲ್ಲೂ ಆಹೇರ ಕೂಗುವವನು. ಶಂಕ್ರಪ್ಪನಿಗೆ ಸಾಲ ಕೊಟ್ಟವರಲ್ಲಿ ಒಬ್ಬ ಕೂಡ.

"ಮಂದಿ ನಿನಗ ಕೊಡಬೇಕು, ಖರೆ," ಎಂದ ಗಂಗಪ್ಪ. "ಆದ್ರ ಸುಮ್ಮಸುಮ್ಮನ ಹ್ಯಾಂಗ ಕೊಡ್ತಾರ? ನಿನ್ನ ಮನ್ಯಾಗ ಒಂದು ಕಾರ್ಯ ಆಗಬೇಕು."

"ನಮ್ಮ ಮನ್ಯಾಗ ಏನ ಕಾರ್ಯ ಆಗ್ತೈತಿ ಮಾರಾಯಾ?"

ಗಂಗಪ್ಪ ಯೋಚನೆಗೆ ಬಿದ್ದ. ಮಗನಿಲ್ಲ, ಮದುವೆಯಿಲ್ಲ. ಮಗಳಿಲ್ಲ, ಕುಬಸವಿಲ್ಲ. ಮನೆ ಅಜ್ಜನ ಕಾಲದ್ದು. ಪಂಚಾಯಿತಿಯವರು ಕಟ್ಟಿಸಿಕೊಟ್ಟ ಪಾಯಖಾನೆಯೊಂದು ಹೊಸದು. ಅದರ ಓಪನಿಂಗ್ ಮಾಡಬಹುದಿತ್ತು, ಆದರೆ ಗಂಡ ಹೆಂಡತಿಯನ್ನು ಎಲ್ಲಿ ಕೂಡಿಸಿ ಆಹೇರ ಮಾಡುವುದು ಎಂಬಲ್ಲಿಗೆ ಆ ಮಾತು ನಿಂತಿತು. ಆಮೇಲೆ ಗಂಗಪ್ಪ ಕೇಳಿದ:

"ನಿನ್ನ ಮದುವ್ಯಾಗ ಆಹೇರ ಯಾರ ಕೂಗಿದ್ರಲೇ?"

"ಯಾರೂ ಇಲ್ಲ. ಮಠದಾಗ ಸಾಮೂಹಿಕ ಮದುವಿ ಆತಲ್ಲ. ಅಕ್ಕಿಕಾಳ ಒಗದ್ರು, ಹುಗ್ಗಿ ಉಂಡ ಬಂದ್ವಿ."

"ಹಂಗಾರ ಅದು ಬಾಕಿ ಉಳದೈತಿ. ಮತ್ತೊಮ್ಮೆ ಮದುವ್ಯಾಗು."

"ಯಾರನ್ನ?"

"ಸುಶೀಲವ್ವನ್ನಲೇ. ನಿನ್ನ ಮಾರಿ ನೋಡಿ ಬ್ಯಾರೆ ಯಾರ ಬರ್ತಾರ?"

ಮದುವೆ ಮಾಡಿಸುವ ಅಯ್ಯನವರನ್ನು ಕೇಳಿದರು. ಅವರು ಗಡ್ಡ ನೀವಿಕೊಂಡು, ಇಂಥದ್ದಕ್ಕೆ ಅಡ್ಡಿಯೇನೂ ಇಲ್ಲ, ಗುಣ ಕೂಡುತ್ತವೋ ಇಲ್ಲವೋ ಎಂಬುದು ಇಷ್ಟು ವರ್ಷಗಳಲ್ಲಿ ನಿಮಗೇ ಗೊತ್ತಾಗಿರಬೇಕು ಎಂದರು. ಸಾಲ ಕೊಟ್ಟವರೆಲ್ಲ ಖುಷಿಯಾದರು. ತಮ್ಮ ದುಡ್ಡು ತಮಗೆ ಬರಬೇಕಾದರೆ ಅದನ್ನು ತಾವೇ ಆಹೇರ ಮಾಡಬೇಕು ಎಂಬುದು ಆ ಖುಷಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಇನ್ನು ಸುಶೀಲವ್ವ. ಶಂಕ್ರಪ್ಪ ಅವಳಿಗೆ ಸಾಲದ ಸುದ್ದಿಯನ್ನೇ ಎತ್ತದೆ, "ನಮ್ಮ ಮದುವಿ ಪದ್ಧತಶೀರ ಆಗಲಿಲ್ಲ ನೋಡು, ಅದೊಂದು ಮನಸಿನ್ಯಾಗ ಉಳದೈತಿ," ಎಂದ. ಅವಳು ಮೊದಲು ಗಂಡನಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕುಳಿತಳು. ಅವಳ ಮುಖ ಮೆತ್ತಗಾಯಿತು.

"ಖರೇನ ಮಾಡೋದಾದ್ರ ಎಲ್ಲಾ ಮಾಡ್ಬೇಕ್ರಿ," ಎಂದಳು. "ನನ್ನ ಯಾರೂ ನೋಡಾಕ ಬಂದಿರಲಿಲ್ಲ. ನಮ್ಮಪ್ಪ ನಿಮ್ಮಪ್ಪ ಬಸ್‌ಸ್ಟ್ಯಾಂಡಿನ್ಯಾಗ ಮಾತಾಡಿ ಮುಗಿಸಿದ್ರು. ಮೊದಲ ಕನ್ಯಾ ನೋಡಾಕ ಬರ್ರಿ."

ಎರಡು ದಿನ ಮುಂಚೆಯೇ ಅವಳು ಗೆಳತಿ ರಾಮವ್ವನ ಮನೆಗೆ ಹೋಗಿ ಉಳಿದಳು. ರಾಮವ್ವನೇ ಕನ್ಯೆಯ ತಾಯಿ. ಗೆಳತಿಗಿಂತ ವಯಸ್ಸಿನಲ್ಲಿ ಸಣ್ಣವಳಾದರೂ ರಾಮವ್ವ ತಾಯಿಯ ಗತ್ತನ್ನು ಚೆನ್ನಾಗಿಯೇ ತಂದುಕೊಂಡಳು.

ಆಯಿತವಾರ ಶಂಕ್ರಪ್ಪ ಕ್ಷೌರ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಕನ್ಯಾ ನೋಡಲು ಹೊರಟ. ವರನ ಕಡೆಯ ಮಂದಿ ಎಂದು ಯಾರನ್ನು ಕರೆಯುವುದು? ಆಪ್ತರನ್ನೇ ಕರೆದ. ಆಪ್ತರೆಂದರೆ ಕಷ್ಟಕ್ಕೆ ಆದವರು, ಕಷ್ಟಕ್ಕೆ ಆದವರೆಂದರೆ ಸಾಲ ಕೊಟ್ಟವರು. ಹೀಗೆ ಗಂಗಪ್ಪ, ಪಾತ್ರೆ ಅಂಗಡಿಯ ಅಕ್ಬರಸಾಬ, ಕಿರಾಣಿ ಅಂಗಡಿಯ ಸಣ್ಣಪ್ಪ, ಹೈಸ್ಕೂಲಿನ ಕ್ಲಾರ್ಕ್ ಪ್ರಭು, ಎಲ್ಲರೂ ಅವನ ಹಿಂದೆ ಹೊರಟರು. ಶಂಕ್ರಪ್ಪನಿಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ದೇವರು ಅವನಿಗೆ ಒಳ್ಳೆಯ ಮನಸ್ಸು ಕೊಟ್ಟು, ಉಳಿದದ್ದನ್ನು ಕೊಡುವುದನ್ನು ಮರೆತಿದ್ದ.

ರಾಮವ್ವ ನವಿಲಿನ ಚಿತ್ರದ ಜಮಖಾನೆ ಹಾಸಿದ್ದಳು. ಉಪ್ಪಿಟ್ಟು ಬಂತು. ಸುಶೀಲವ್ವ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು, ಚಹಾದ ತಾಟು ಹಿಡಿದು ಬಂದಳು. ದಿನಾ ನೋಡುವ ಹೆಂಡತಿಯನ್ನು ನೋಡಿ ಶಂಕ್ರಪ್ಪನಿಗೆ ನಾಚಿಕೆಯಾಯಿತು.

"ಕನ್ಯಾಕ್ಕ ರೊಟ್ಟಿ ಬಡ್ಯಾಕ ಬರ್ತೈತೇನ್ರಿ?" ಗಂಗಪ್ಪ ಹಿರಿಯನಾಗಿ ಕೇಳಿದ.

"ತಿಂದವರನ್ನ ಕೇಳ್ರಿ," ಎಂದಳು ಸುಶೀಲವ್ವ. ಎಲ್ಲರೂ ನಕ್ಕರು.

ಈಗ ರಾಮವ್ವನ ಸರದಿ. ವರನಿಗೆ ಏನು ನೌಕರಿ, ಪಗಾರ ಎಷ್ಟು, ಚಟಗಳೇನು ಎಂದು ಕೇಳಿದಳು. ಎಲ್ಲ ಕಡೆ ಕೇಳುವ ಹಾಗೆಯೇ, "ಸಾಲ ಗೀಲ ಏನರ ಅದಾವೇನ್ರಿ?" ಎಂದಳು.

"ಏನಿಲ್ರಿ. ಕೈಸಾಲ, ಒಂದೀಟ," ಎಂದ ಶಂಕ್ರಪ್ಪ.

"ಒಂದೀಟ ಅಂದ್ರ?" ಸೆರಗಿನೊಳಗಿಂದ ಸುಶೀಲವ್ವ ಕೇಳಿದಳು.

ಶಂಕ್ರಪ್ಪ ಜಮಖಾನೆಯ ನವಿಲನ್ನು ನೋಡತೊಡಗಿದ. ವರ ಹೀಗೆ ಬಾಯಿ ಕಟ್ಟಿ ಕುಳಿತಾಗ ಅವನ ಪರವಾಗಿ ಎರಡು ಮಾತಾಡುವುದು ಜೊತೆಗೆ ಬಂದವರ ಧರ್ಮ. ಅಕ್ಬರಸಾಬ ಧರ್ಮ ಬಿಡುವ ಮನುಷ್ಯನಲ್ಲ.

"ತಂಗೀ, ವರಾ ಅಗದಿ ಭರೋಸಾದ ಮನುಷ್ಯಾ," ಎಂದ. "ನನ್ನ ಅಂಗಡ್ಯಾಗ ಇಪ್ಪತ್ತೆಂಟ ಸಾವಿರ ಉದ್ರಿ ಐತಿ. ಒಂದಿನಾನೂ ಮಾರಿ ತಪ್ಪಿಸಿ ತಿರಗ್ಯಾಡಿಲ್ಲ."

ಇದು ಗಂಗಪ್ಪನಿಗೆ ತಾಗಿತು. ಶಂಕ್ರಪ್ಪನ ಬಗ್ಗೆ ತನಗಿಂತ ಹೆಚ್ಚು ಇನ್ನೊಬ್ಬ ಹೇಳುವುದೆಂದರೇನು? "ನನ್ನ ಕಡೆ ನಲವತ್ತ ಸಾವಿರ ಒಯ್ದಾನ್ರಿ. ನೂರಕ್ಕ ಮೂರರ ಬಡ್ಡಿ. ಬಡ್ಡಿ ಒಂದ ತಿಂಗಳ ತಪ್ಪಿಸಿಲ್ಲ."

"ನಮ್ಮ ಹೈಸ್ಕೂಲಿನ್ಯಾಗ ಇಂಥಾ ಪ್ರಾಮಾಣಿಕ ಇನ್ನೊಬ್ಬಿಲ್ರಿ," ಎಂದ ಪ್ರಭು. "ಅದಕ್ಕ ಅರವತ್ತ ಸಾವಿರ ಕಣ್ಮುಚ್ಚಿ ಕೊಟ್ಟೇನಿ."

ಸಣ್ಣಪ್ಪ ಕಡಿಮೆ ಮಾತಿನವನು. ಉಪ್ಪಿಟ್ಟು ನುಂಗಿ, "ನಂದು ಒಂದ ಲಕ್ಷದ ಹತ್ತ ಸಾವಿರ. ನಂಬಿಕಿ ಇಲ್ಲದ ಕೊಡ್ತಿದ್ನೇನ್ರಿ?" ಎಂದು ಎಲ್ಲರ ಬಾಯಿ ಮುಚ್ಚಿಸಿದ. ನಾಲ್ವರೂ ವರನನ್ನು ಚಲೋತ್ನಾಗೆ ಎತ್ತಿ ಹಿಡಿದೆವೆಂದು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು.

ಸುಶೀಲವ್ವ ಬೆರಳು ಮಡಚಿ ಕೂಡಿಸುತ್ತಿದ್ದಳು. "ಎರಡ ಲಕ್ಷದ ಮೂವತ್ತೆಂಟ ಸಾವಿರ ಆತು. ಮತ್ತ?"

"ಮತ್ತ," ಎಂದ ಶಂಕ್ರಪ್ಪ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಪತ್ತಿನ ಸಂಘದಾಗ ಒಂದೂವರಿ ಲಕ್ಷ."

"ಸರಕಾರ ಹಿಡಕೊಳ್ಳೋ ಅರ್ಧ ಪಗಾರ?"

"ಸರಕಾರ ಏನೂ ಹಿಡಕೊಳ್ಳೂದಿಲ್ಲ."

ಸುಶೀಲವ್ವ ಸೆರಗು ಹಿಂದಕ್ಕೆ ಸರಿಸಿ ಎದ್ದು ನಿಂತಳು. "ಈ ವರಾ ನನಗ ಒಪ್ಪಿಗಿ ಇಲ್ಲ," ಎಂದಳು.

ಗಂಗಪ್ಪ ಗಾಬರಿಯಾದ. ಮದುವೆಗೆಂದು ಮೈಕಿಗೆ ಹೊಸ ವಾಯರು ತಂದಿದ್ದ. "ಅಲ್ಲವಾ, ಅಂವಾ ನಿನ್ನ ಗಂಡ ಅದಾನ."

"ಗಂಡನ್ನ ನಾ ಎಲ್ಲಿ ಬಿಟ್ಟೇನ್ರಿ ಕಾಕಾ? ಗಂಡ ಇರಲಿ. ಈ ವರಾ ಬ್ಯಾಡ."

ಅವಳು ರಾಮವ್ವನ ಮನೆಯಿಂದ ಗಂಟು ಎತ್ತಿಕೊಂಡು ತನ್ನ ಮನೆಯ ದಾರಿ ಹಿಡಿದಳು. ಒಪ್ಪಿಗೆಯಾಗದ ವರ ತುಸು ಅಂತರ ಬಿಟ್ಟು ಅದೇ ದಾರಿಯಲ್ಲಿ ಹಿಂದೆ ಹಿಂದೆ ನಡೆದ, ಯಾಕೆಂದರೆ ಅವನ ಮನೆಯೂ ಅದೇ. ಕಟ್ಟೆಯ ಮೇಲೆ ಕುಳಿತವರು ನಗಬೇಕೋ ಬೇಡವೋ ತಿಳಿಯದೆ ಬೀಡಿ ಹಚ್ಚಿದರು.

ಮನೆಯಲ್ಲಿ ಅವನು ಹೊಸ್ತಿಲ ಮೇಲೆಯೇ ಕುಳಿತ. ಅವಳು ಒಳಗೆ ಅತ್ತಳು. ಅಳುವುದು ಕೇಳಿ ಅವನಿಗೆ ಸಾಯುವಷ್ಟು ನಾಚಿಕೆಯಾಯಿತು.

"ಯಾಕ ಮಾಡಿದ್ರಿ?" ಎಂದು ಅವಳು ಒಳಗಿನಿಂದಲೇ ಕೇಳಿದಳು.

"ಮದುವಿ ಕಾರ್ಡಿನ್ಯಾಗ ತಂದಿ ತಾಯಿ ಅಂತ ನಮ್ಮ ಹೆಸರ ಯಾವಾಗೂ ಬರೂದಿಲ್ಲ," ಎಂದ ಶಂಕ್ರಪ್ಪ. "ಮೈಕಿನ್ಯಾಗಾದ್ರೂ ಇಬ್ಬರ ಹೆಸರ ಕೂಡೇ ಬರಲಿ ಅಂತ. ಅದನ್ನ ಕೇಳಿದ್ರ ನನಗ ಭಾಳ ಚಲೋ ಅನಸ್ತಿತ್ತು."

ಆಮೇಲೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಗಂಡನಿಗೆ ಊಟ ಸಿಕ್ಕಿತು.

ಸಭೆಯ ಸುದ್ದಿಯನ್ನು ಅವನಿಂದ ಕೇಳಿ, ಮರುದಿನ ಅವಳೇ ಅವನನ್ನು ಹುಬ್ಬಳ್ಳಿಗೆ, ರೋಹಿಣಿ ಮೇಡಂ ಎದುರು ಕರೆದುಕೊಂಡು ಹೋದಳು. ಮೇಡಂ ಕನ್ಯಾ ನೋಡಿದ ಕಥೆ ಕೇಳಿ ಪೆನ್ನು ಕೆಳಗಿಟ್ಟಳು. ಮನೆಯಲ್ಲಿ ಖರೆ ಹೇಳಿರೆಂದು ಅವಳು ಎಷ್ಟೋ ಮಂದಿಗೆ ಹೇಳಿದ್ದಳು. ಹೀಗೆ ಉಪ್ಪಿಟ್ಟು ತಿನ್ನಿಸಿ, ಸಾಕ್ಷಿಗಳ ಸಮೇತ ಹೇಳಿದವರನ್ನು ಕಂಡಿರಲಿಲ್ಲ. ಪಗಾರದ ಮೇಲೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಯ ಒಂದೇ ಸಾಲ ಮಾಡಿಸಿ, ಉಳಿದದ್ದನ್ನೆಲ್ಲ ತೀರಿಸಿದರು. ಇನ್ನು ಮೂರು ವರ್ಷ ಕಂತು ಕಟ್ಟಬೇಕು, ಆಹೇರವೆಂದರೆ ಅಕ್ಕಿಕಾಳು ಮಾತ್ರ ಎಂದು ಸುಶೀಲವ್ವ ತಾಕೀತು ಮಾಡಿದಳು. ಮುಂದಿನ ಮದುವೆಯಲ್ಲಿ ಗಂಗಪ್ಪ ರೂಢಿಯ ಬಲದಿಂದ "ಶಂಕ್ರಪ್ಪ ಸುಶೀಲವ್ವ ದಂಪತಿಗಳಿಂದ" ಎಂದು ಕೂಗಿಬಿಟ್ಟು, ಮುಂದೇನೆಂದು ತಿಳಿಯದೆ, "ಅಕ್ಕಿಕಾಳು" ಎಂದು ಮುಗಿಸಿದ. ಇಬ್ಬರ ಹೆಸರೂ ಎಂದಿನಷ್ಟೇ ಜೋರಾಗಿ ಕೇಳಿಸಿತು.

ಒಂದು ಮಾತ್ರ ಉಳಿದುಹೋಯಿತು. ಕಂತು ಕಟ್ಟಿದ ಸಂಜೆ, ಪ್ರತಿ ತಿಂಗಳೂ, ಶಂಕ್ರಪ್ಪ ಇಸ್ತ್ರಿಯ ಅಂಗಿ ತೊಟ್ಟು ತನ್ನ ಮನೆಯ ಬಾಗಿಲನ್ನೇ ಬಡಿದು ಕನ್ಯಾ ನೋಡಲು ಬರುತ್ತಾನೆ. ಜೊತೆಗೆ ಬರಲು ಈಗ ಯಾರೂ ಇಲ್ಲ, ಎಲ್ಲರ ಸಾಲವೂ ತೀರಿದೆ. ಸುಶೀಲವ್ವ ಉಪ್ಪಿಟ್ಟು ಕೊಟ್ಟು, "ವರನ ಸಾಲ ಎಷ್ಟ?" ಎಂದು ಕೇಳುತ್ತಾಳೆ. ಅವನು ಹೇಳುತ್ತಾನೆ. "ಒಪ್ಪಿಗಿ ಇಲ್ಲ, ಮುಂದಿನ ತಿಂಗಳ ಬರ್ರಿ," ಎನ್ನುತ್ತಾಳೆ. ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿ ಎಮ್ಮೆಗೆ ಮೇವು ಹಾಕಲು ಹೋಗುತ್ತಾನೆ.

ನಾಲ್ಕನೇ ತಿಂಗಳು ಅವನು, "ಮೂರೂವರಿ ಲಕ್ಷಕ್ಕ ಬಂದೈತಿ," ಎಂದಾಗ ಸುಶೀಲವ್ವ ಒಪ್ಪಿಗೆ ಇಲ್ಲ ಎನ್ನಲಿಲ್ಲ. ಎದುರಿಗೆ ಕುಳಿತು ಸೆರಗಿನ ಅಂಚಿನ ದಾರ ಎಳೆಯತೊಡಗಿದಳು.

"ಅವತ್ತ ಕನ್ಯಾಕ್ಕ ರೊಟ್ಟಿ ಬರ್ತೈತೇನ ಅಂತ ಕೇಳಿದ್ರಿ," ಎಂದಳು. "ಸಾಲ ಐತೇನ ಅಂತ ಯಾರೂ ಕೇಳಲಿಲ್ಲ."

ಶಂಕ್ರಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಐತೇನು?"

"ಮಹಿಳಾ ಸಂಘದಾಗ. ಇಪ್ಪತ್ತೆರಡ ಸಾವಿರ ತಂದಿದ್ನಿ, ಇನ್ನ ಒಂಬತ್ತ ಉಳದೈತಿ. ಹೊಲಿಗಿ ರೊಕ್ಕದಾಗ ವಾರಾ ವಾರಾ ತುಂಬಾಕತ್ತೇನಿ." ಅವಳು ತಲೆ ಎತ್ತಲಿಲ್ಲ. "ಆ ತೊಟ್ಟಿಲಕ್ಕ ತಂದಿದ್ನಿ. ನನ್ನ ಕೈಲಿಂದ ಒಂದಾದ್ರೂ ತೊಟ್ಟಿಲ ತೂಗಬೇಕನಸ್ತು."

ಶಂಕ್ರಪ್ಪ ತಾಟು ಕೆಳಗಿಟ್ಟ. ಮುಂಗೈಯಿಂದ ಕಣ್ಣೊರೆಸಿಕೊಂಡು, ಹಿರಿಯರ ಮುಂದೆ ಹೇಳುವ ಹಾಗೆ ಹೇಳಿದ: "ಕನ್ಯಾ ನಮಗ ಒಪ್ಪಿಗಿ ಐತಿ."

"ಸಾಲ ಕೇಳಿದ ಮ್ಯಾಲೂ?"

"ಕೇಳಿದ ಮ್ಯಾಲೂ."

ಸುಶೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅವನ ತಾಟಿಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು.

"ನನಗ ಇನ್ನೂ ಇಲ್ಲ," ಎಂದಳು. "ಮುಂದಿನ ತಿಂಗಳ ಬರ್ರಿ."