ಬ್ಯಾಂಕಾಕಿನ ಹುಚ್ಚಮ್ಮನ ಹೋಟೆಲು

ಶೇಷಾದ್ರಿ ಬ್ಯಾಂಕಾಕಿಗೆ ಹೋಗಿದ್ದು ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದರಲ್ಲಿ ನಿಜ ಅನ್ನುವ ಪದಾರ್ಥ ತುಸು ಕಡಿಮೆ. ಸಾಂಟಾ ಕ್ಲಾರಾದ ಅವನ ಚಿಪ್ ಕಂಪನಿಗೆ ಬ್ಯಾಂಕಾಕಿನಲ್ಲೊಂದು ಕಾರ್ಖಾನೆಯಿತ್ತು. ಎಂಬತ್ತೈದರ ಬೇಸಿಗೆಯಲ್ಲಿ ಅಲ್ಲಿನ ಟೆಸ್ಟಿಂಗ್ ಮೆಷೀನುಗಳು ಕೈಕೊಟ್ಟಾಗ ಇವನನ್ನು ಕಳಿಸಿದರು. ಹೋದ, ಒಂದು ತಿಂಗಳ ಮೇಲೆ ಇದ್ದ, ಬಂದ. ಆ ಊರಿನಲ್ಲಿ ಕಂಡದ್ದೇನು ಎಂದು ಕೇಳಿದರೆ ಮಾತ್ರ ಉತ್ತರ ಚಿಕ್ಕದು: ಹೋಟೆಲಿನ ಕೋಣೆ, ಕಾರ್ಖಾನೆಯ ವ್ಯಾನು, ಕಾರ್ಖಾನೆ.

ಕಾರಣ ಹೊಟ್ಟೆ. ಹೊರಡುವ ಮುಂಚೆ ಯಾರೋ ಪುಣ್ಯಾತ್ಮರು ಅವನ ಕಿವಿಯೂದಿದ್ದರು, ಅಲ್ಲಿ ಕುಡಿಯುವ ನೀರಿಗೂ ಮೀನಿನ ಸಾರು ಬೆರೆಸುತ್ತಾರೆ ಅಂತ. ಬಸವನಗುಡಿಯ ಜೀವ ಬೆದರಿಬಿಟ್ಟಿತು. ಹೆಂಡತಿ ಊರ್ಮಿಳಾ ಪುಟ್ಟ ರೈಸ್ ಕುಕ್ಕರು, ಹುಳಿಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ, ಉಪ್ಪಿನಕಾಯಿ ಎಲ್ಲ ಕಟ್ಟಿಕೊಟ್ಟಳು. ಸೂಟ್‌ಕೇಸಿನಲ್ಲಿ ಬಟ್ಟೆಗೆ ಜಾಗ ಉಳಿದದ್ದೇ ಹೆಚ್ಚು. ಸಂಜೆ ವ್ಯಾನು ಹೋಟೆಲಿಗೆ ಬಿಟ್ಟ ಕೂಡಲೇ ಶೇಷಾದ್ರಿ ಬಾಗಿಲು ಹಾಕಿಕೊಂಡು, ಕುಕ್ಕರನ್ನು ಬಚ್ಚಲುಮನೆಯಲ್ಲಿಟ್ಟು ಕದ್ದುಮುಚ್ಚಿ ಅನ್ನ ಮಾಡಿಕೊಂಡು, ಅರ್ಥವಾಗದ ಭಾಷೆಯ ಟೀವಿ ನೋಡುತ್ತ ಉಣ್ಣುತ್ತಿದ್ದ. ಕಿಟಕಿಯ ಹೊರಗೆ ಇಡೀ ಬ್ಯಾಂಕಾಕು ದೀಪ ಹಚ್ಚಿಕೊಂಡು ಕೂಗಿ ಕರೆಯುತ್ತಿತ್ತು. ಈ ಮಹಾಶಯ ಪರದೆ ಎಳೆದು ಹುಳಿಯನ್ನ ಕಲಸುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಶೇಷಾದ್ರಿ ಬರೀ ಎಂಜಿನಿಯರಲ್ಲ, ಕಲಾವಿದ. ಬೇ ಏರಿಯಾದ ಕನ್ನಡದವರ ನಾಟಕಕ್ಕೆ ಪರದೆಯ ಮೇಲೆ ಅರಮನೆ ಬರೆಯುವವನು ಅವನೇ, ಗಣೇಶನ ಹಬ್ಬಕ್ಕೆ ಥರ್ಮೋಕೋಲಿನ ಮಂಟಪ ಕೊರೆಯುವವನೂ ಅವನೇ. ಹೆಗಲಿಗೊಂದು ಜೋಳಿಗೆ, ಗಲ್ಲಕ್ಕೊಂದು ಕುರುಚಲು ಗಡ್ಡ ಬೇರೆ. ಇಂಥವನು ಬ್ಯಾಂಕಾಕಿಗೆ ಹೋಗಿಬಂದನೆಂದ ಮೇಲೆ ಕನ್ನಡ ಕೂಟದ ಪತ್ರಿಕೆಯ ಸಂಪಾದಕಿ ಮೈಥಿಲಿ ಬಿಡುತ್ತಾಳೆಯೆ? ಅವಳು ಸ್ಯಾನ್ ಮಟಿಯೋದಲ್ಲಿ ಮಕ್ಕಳ ಡಾಕ್ಟರು. ಲೇಖಕರನ್ನೂ ಮಕ್ಕಳನ್ನು ನೋಡಿದ ಹಾಗೆಯೇ ಗದ್ದ ಹಿಡಿದು, ಬಾಯಿ ತೆಗೆಸಿ ನೋಡುವ ಹೆಂಗಸು. ದೀಪಾವಳಿಯ ಸಂಚಿಕೆಗೆ ‘ಕಲಾವಿದನ ಮೆಚ್ಚಿನ ಬ್ಯಾಂಕಾಕ್’ ಅಂತ ಬರೆದುಕೊಡಿ ಅಂದಳು.

ಶೇಷಾದ್ರಿಯ ಹತ್ತಿರ ಹೋಟೆಲಿನವರು ಕೊಟ್ಟಿದ್ದ ಬಣ್ಣದ ಕರಪತ್ರವೊಂದಿತ್ತು. ಅದನ್ನು ಮುಂದಿಟ್ಟುಕೊಂಡು ನಸುಕಿನ ನದಿಯ ಬಗ್ಗೆ ಬರೆದ, ಹೂವಿನ ಮಾರುಕಟ್ಟೆಯ ಬಗ್ಗೆ ಬರೆದ, ಕಾಲುವೆಯ ಮರದ ಸೇತುವೆಯ ಮೇಲೆ ನಿಂತು ತಾನು ಸೂರ್ಯಾಸ್ತವನ್ನು ಸ್ಕೆಚ್ ಮಾಡಿದೆ ಅಂತಲೂ ಬರೆದ. ಓದಿದ ಮೈಥಿಲಿ ಫೋನು ಮಾಡಿದಳು.

‘ಇದು ಟೂರಿಸ್ಟ್ ಬ್ರೋಷರ್ ತರ ಇದೆಯಲ್ರೀ. ಹ್ಯೂಮನ್ ಟಚ್ಚೇ ಇಲ್ಲ. ಆರ್ಟಿಸ್ಟ್ ಆದೋರು ಅಲ್ಲಿ ಯಾರನ್ನಾದ್ರೂ ಮೀಟ್ ಮಾಡಿರ್ತೀರಲ್ವಾ?’

ಈ ಮಾತು ಅವನಿಗೆ ಚುರುಕ್ಕೆಂದಿತು. ಅವಳ ಮೇಲಿನ ಸಿಟ್ಟಿನಲ್ಲೇ ಕೂತು ಅವನು ಹುಚ್ಚಮ್ಮನನ್ನು ಸೃಷ್ಟಿಸಿದ. ಹೂವಿನ ಮಾರುಕಟ್ಟೆಯ ಹಿಂದಿನ ಓಣಿ, ಓಣಿಯ ತುದಿಗೊಂದು ಹುಣಸೆಮರ, ಮರದ ಕೆಳಗೆ ತಗಡಿನ ಮಾಡು. ಅಲ್ಲಿ ಮಂಡ್ಯದ ಕಡೆಯಿಂದ ಯಾವ ಕಾಲದಲ್ಲೋ ಹಡಗು ಹತ್ತಿ ಬಂದ ಹುಚ್ಚಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸುತ್ತಾಳೆ. ಕನ್ನಡ ಕೇಳಿ ಅವಳ ಕಣ್ಣು ತುಂಬುತ್ತದೆ. ದುಡ್ಡು ಕೊಡಹೋದರೆ, ‘ನಮ್ಮೂರ ಮಗನ ಹತ್ತಿರ ಕಾಸು ಈಸ್ಕೊಳ್ಳೋದಾ’ ಅಂತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಬರೆಯುತ್ತ ಶೇಷಾದ್ರಿಯೂ ಕಣ್ಣೊರೆಸಿಕೊಂಡ.

ಅಚ್ಚಾದದ್ದನ್ನು ಓದಿ ಊರ್ಮಿಳಾ ಪತ್ರಿಕೆಯನ್ನು ಮಡಿಸಿಟ್ಟಳು. ‘ನಾನು ಕೊಟ್ಟ ಹುಳಿಪುಡಿ ಡಬ್ಬಾ ಖಾಲಿ ವಾಪಸ್ ಬಂತಲ್ಲ. ಅದನ್ನೆಲ್ಲ ಹುಚ್ಚಮ್ಮಂಗೆ ಕೊಟ್ಟು ಬಂದ್ರಾ?’ ಅಂದಳು. ಶೇಷಾದ್ರಿ ಕಾರು ತೊಳೆಯಬೇಕೆಂದು ಹೊರಗೆ ಹೋದ.

ಉಳಿದವರು ಊರ್ಮಿಳಾಳಷ್ಟು ಕಟುಕರಲ್ಲ. ನದಿ, ಹೂವು, ಸೂರ್ಯಾಸ್ತ ಒಬ್ಬರಿಗೂ ನೆನಪಿಲ್ಲ, ಹುಚ್ಚಮ್ಮ ಮಾತ್ರ ಬೇ ಏರಿಯಾದ ಮನೆಮನೆಗೂ ನುಗ್ಗಿದಳು. ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಬೇಳೆ ತೂಗಿಸುತ್ತ ನಿಂತವರು ಅವಳ ಕ್ಷೇಮಸಮಾಚಾರ ಕೇಳಿದರು. ಪಾಪ, ಮಳೆಗಾಲಕ್ಕೆ ಆ ತಗಡಿನ ಮಾಡು ತಡೆಯುತ್ತದೆಯೇ ಅಂತ ಒಬ್ಬರು ಕೊರಗಿದರು. ಎಲ್ಲಕ್ಕಿಂತ ಹೆಚ್ಚಿನದು ಜಯರಾಮನದು. ಜಯರಾಮ್ ಮನೆ ಮಾರಿಸುವ ಏಜೆಂಟು, ತಾನು ಕಾಣದ ಊರು ಭೂಮಿಯ ಮೇಲಿದೆ ಅಂದರೆ ಒಪ್ಪದ ಆಸಾಮಿ. ಹಿಂದೊಮ್ಮೆ ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸಿದ್ದನಂತೆ. ಸಂಕ್ರಾಂತಿಗೆ ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ಎಲ್ಲರ ಮುಂದೆ, ‘ಹುಚ್ಚಮ್ಮನ ಹೋಟ್ಲಾ? ನಾನೂ ತಿಂದಿದೀನಿ. ಸಾರಿಗೆ ಉಪ್ಪು ಸ್ವಲ್ಪ ಮುಂದು, ಮುದ್ದೆ ಮಾತ್ರ ಬೆಣ್ಣೆ,’ ಅಂದುಬಿಟ್ಟ. ತಟ್ಟೆ ಹಿಡಿದಿದ್ದ ಶೇಷಾದ್ರಿಗೆ ಒಂದು ಕ್ಷಣ ತಾನೇ ಮರೆತಿರಬಹುದೇನೋ ಅನ್ನಿಸಿತು.

ಹೀಗೆ ಸುಖವಾಗಿದ್ದಾಗ ವಸಂತದಲ್ಲಿ ಚೆಲುವರಾಜು ಫೋನು ಮಾಡಿದ. ಚೆಲುವರಾಜು ಮದ್ದೂರಿನ ಕಡೆಯವನು, ಫ್ರೀಮಾಂಟಿನಲ್ಲಿ ಮನೆ, ಶೇಷಾದ್ರಿಯಂತೆಯೇ ಇನ್ನೊಂದು ಚಿಪ್ ಕಂಪನಿಯಲ್ಲಿ ಕೆಲಸ. ಮೊಮ್ಮಗುವನ್ನು ನೋಡಲು ಬಂದಿದ್ದ ಅವನ ತಾಯಿ ದೊಡ್ಡತಾಯಮ್ಮ ಈಗ ಊರಿಗೆ ಹೊರಟಿದ್ದರು.

‘ಅವ್ವನ ಫ್ಲೈಟು ಬ್ಯಾಂಕಾಕ್ ಮೇಲೆ ಹೋಗುತ್ತೆ ಸಾರ್. ನಂಗೂ ಅಲ್ಲೇ ನಮ್ಮ ಕಂಪ್ನಿ ಪ್ಲಾಂಟಲ್ಲಿ ಕೆಲ್ಸ ಇದೆ, ಜೊತೇಲಿ ಹೊರಟಿದೀನಿ. ಏರ್‌ಪೋರ್ಟಲ್ಲೇ ಇನ್ನೊಂದು ಫ್ಲೈಟ್ ಹತ್ತಿಸಿ ನಾನು ಪ್ಲಾಂಟಿಗೆ ಹೋಗೋದು ಅಂತಿತ್ತು. ಈಗ ಅವ್ವನ ಟಿಕೆಟ್ಟು ಮಾರನೇ ದಿನಕ್ಕೆ ಹಾಕಿಸಿ, ಒಂದಿನ ರಜಾ ಹಾಕಿದೀನಿ. ಹುಚ್ಚಮ್ಮನ ಹೋಟ್ಲಿಗೆ ಕರ್ಕೊಂಡು ಹೋಗ್ತೀನಿ. ಶನಿವಾರ ಊಟಕ್ಕೆ ಬನ್ನಿ, ದಾರಿ ಹೇಳಿಬಿಡಿ.’

ಫೋನು ಇಟ್ಟ ಶೇಷಾದ್ರಿ ಲೆಕ್ಕ ಹಾಕಿದ. ಇಷ್ಟು ದಿನ ಓದಿದವರು ಯಾರೂ ಹೋಗುವವರಲ್ಲ, ಈ ಚೆಲುವರಾಜು ಹೋಗುವವನು. ಹೋಗಿ ಓಣಿ ಓಣಿ ಹುಡುಕಿ, ಬಂದು ಹೇಳುವವನು. ಜೊತೆಗೆ ಮೈಥಿಲಿ ಬೇರೆ, ದೊಡ್ಡತಾಯಮ್ಮ ಮತ್ತು ಹುಚ್ಚಮ್ಮ ಅಕ್ಕಪಕ್ಕ ಕೂತ ಫೋಟೋ ಮುಂದಿನ ಸಂಚಿಕೆಯ ಮುಖಪುಟಕ್ಕೆ ಅಂತ ಆಗಲೇ ಡಂಗುರ ಹೊಡೆದಿದ್ದಳು. ಕೂಟದಲ್ಲಿ ಇದ್ದಬದ್ದ ಮರ್ಯಾದೆಯೆಲ್ಲ ಮೂರು ಕಾಸಿಗೆ ಹೋಗುವುದು ಖಂಡಿತವಾಯಿತು. ‘ಹೋಗಿ ನಿಜ ಹೇಳಿಬಿಡಿ, ಒಂದು ಸಲ ನಗ್ತಾರೆ, ಮುಗೀತು,’ ಅಂದಳು ಊರ್ಮಿಳಾ. ಶೇಷಾದ್ರಿಗೂ ಬೇರೆ ದಾರಿ ಹೊಳೆಯಲಿಲ್ಲ.

ಶನಿವಾರ ಗಂಡಹೆಂಡತಿ ಹೋದಾಗ ಚೆಲುವರಾಜುವಿನ ಮನೆಯಲ್ಲಿ ಮೈಥಿಲಿ ಇದ್ದಳು, ಜಯರಾಮನೂ ಇದ್ದ. ಊಟ ಮುಗಿದು ಎಲ್ಲರೂ ಸೋಫಾದಲ್ಲಿ ಕಾಲು ಚಾಚಿದಾಗ ಚೆಲುವರಾಜು ಬಿಳಿ ಹಾಳೆ, ಪೆನ್ಸಿಲು ತಂದು ಮುಂದಿಟ್ಟ. ‘ಮ್ಯಾಪ್ ಒಂದು ಬರ್ಕೊಡಿ ಸಾರ್.’

ಶೇಷಾದ್ರಿ ನೀರು ಕುಡಿದ. ‘ನೋಡಿ, ಒಂದು ವಿಷಯ ಹೇಳ್ಬೇಕು. ಆ ಹುಚ್ಚಮ್ಮ ಅನ್ನೋಳು ಇಲ್ಲ. ಆ ಹೋಟ್ಲೂ ಇಲ್ಲ. ನಾನೇ ಕಲ್ಪನೆ ಮಾಡಿ ಬರೆದಿದ್ದು.’

ಮೊದಲು ಎದ್ದು ಕೂತವನು ಜಯರಾಮ್. ಅವನ ಮುಖ ಕೆಂಪಾಗಿತ್ತು. ‘ಇಲ್ಲ ಅಂದ್ರೇನು ಸ್ವಾಮಿ? ಹಾಗಾದ್ರೆ ನಾನು ತಿಂದಿದ್ದೇನು?’

ಮೈಥಿಲಿ ಜಾಣನಗೆ ನಕ್ಕಳು. ‘ಬಿಡ್ರೀ ಜಯರಾಮ್. ಈ ಆರ್ಟಿಸ್ಟ್‌ಗಳೇ ಹೀಗೆ. ಒಳ್ಳೇ ಸ್ಪಾಟ್ ಸಿಕ್ಕಿದ್ರೆ ಬೇರೆಯೋರು ಹೋಗಿ ಹಾಳು ಮಾಡ್ತಾರೆ ಅಂತ ಬಚ್ಚಿಡ್ತಾರೆ. ಏನ್ರೀ, ನಮ್ಮನ್ನೂ ಟೂರಿಸ್ಟ್ಸ್ ಅಂದ್ಕೊಂಡ್ರಾ?’

‘ದೇವರಾಣೆ ಇಲ್ಲಮ್ಮ,’ ಅಂದ ಶೇಷಾದ್ರಿ. ನಿಜ ಹೇಳಿ ಅದನ್ನು ನಂಬಿಸಲು ಇಷ್ಟು ಬೆವರು ಹರಿಸಬೇಕೆಂದು ಅವನು ಅಂದುಕೊಂಡಿರಲಿಲ್ಲ. ಹುಚ್ಚಮ್ಮನಿಗೆ ಇದರ ಅರ್ಧ ಕಷ್ಟವೂ ಆಗಿರಲಿಲ್ಲ.

ಆಣೆಗೆ ಬೆಲೆ ಕೊಟ್ಟವನು ಚೆಲುವರಾಜು ಒಬ್ಬನೇ. ಅವನು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ‘ನಿಜವಾಗ್ಲೂ ಇಲ್ವಾ ಸಾರ್? ಇಲ್ಲ ಅಂದ್ರೆ ಹೇಳ್ಬಿಡಿ. ಸುಮ್ನೆ ಆ ಒಂದಿನ ಯಾಕೆ ವೇಸ್ಟ್ ಮಾಡ್ಲಿ, ಪ್ಲಾಂಟಿಗೇ ಹೋಗ್ತೀನಿ.’

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ದೊಡ್ಡತಾಯಮ್ಮ ಕರೆದರು. ‘ಏ ಕಲಾವಿದ್ರಪ್ಪ, ವಸಿ ಬಾ ಇಲ್ಲಿ. ಹಗ್ಗದ ಮೇಲಿನ ಬಟ್ಟೆ ಎತ್ಕೊಡು, ನಂಗೆ ಎಟುಕಕಿಲ್ಲ.’

ಹಿತ್ತಲಲ್ಲಿ ನಿಂಬೆಗಿಡದಿಂದ ಬೇಲಿಗೆ ಅವರೇ ಕಟ್ಟಿದ ಹಗ್ಗವಿತ್ತು. ಡ್ರೈಯರಿನಲ್ಲಿ ಬೆಂದ ಸೀರೆ ಉಡುವುದಿಲ್ಲ ಅಂತ ಅವರು ಸೊಸೆಯ ಹತ್ತಿರ ಜಗಳವಾಡಿ ಗೆದ್ದ ಹಗ್ಗ ಅದು, ಅವರ ಕೈಗೆ ಚೆನ್ನಾಗಿಯೇ ಎಟುಕುತ್ತಿತ್ತು. ಶೇಷಾದ್ರಿ ಒಂದೊಂದೇ ಬಟ್ಟೆ ತೆಗೆದುಕೊಟ್ಟ. ಅವರು ಮಡಿಸುತ್ತ, ದನಿ ಇಳಿಸಿ ಕೇಳಿದರು.

‘ಅವಳಿಲ್ಲ, ಅಲ್ವಾ?’

‘ಇಲ್ಲಮ್ಮ. ತಪ್ಪಾಯ್ತು.’

‘ನಂಗೊತ್ತಿತ್ತು ಕಣಪ್ಪ. ದುಡ್ಡು ಬ್ಯಾಡ ಅಂತ ಕಣ್ಣೀರು ಹಾಕುದ್ಲು ಅಂತ ಬರ್ದಿದ್ದೀಯಲ್ಲ. ಮದ್ದೂರು ಬಸ್ ಸ್ಟ್ಯಾಂಡಲ್ಲಿ ನಾನೂ ಹೋಟ್ಲು ಮಡಗಿದ್ದೋಳೆಯ. ಉಂಡೋನು ಕಾಸು ಕೊಡ್ದೆ ಎದ್ರೆ ನಂಗೂ ಕಣ್ಣಲ್ಲಿ ನೀರು ಬರೋದು. ಅದು ಬ್ಯಾರೆ ನೀರು.’

ಶೇಷಾದ್ರಿಗೆ ನಗಬೇಕೋ ನೆಲದೊಳಗೆ ಇಳಿಯಬೇಕೋ ತಿಳಿಯಲಿಲ್ಲ. ‘ಗೊತ್ತಿದ್ದೂ ಮಗನಿಗೆ ಯಾಕಮ್ಮ ಹೇಳ್ಲಿಲ್ಲ?’

ದೊಡ್ಡತಾಯಮ್ಮ ಮಡಿಸಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸಿದರು. ‘ಬಂದಾಗಿಂದ ನಾನು ನೋಡಿರೋದು ಅವನ ಬೆನ್ನೇಯ. ಬೆಳಗಾದ್ರೆ ಬೆನ್ನು ತೋರ್ಸ್ಕಂಡು ಕಾರು ಹತ್ತುತಾನೆ. ಸಂಜೆ ಆ ಕಂಪೂಟ್ರು ಮುಂದೆ ಕುಂತ್ರೂ ಬೆನ್ನು. ಸಾಮಾನು ತರಕ್ಕೆ ಹೋದ್ರೂ ನಾನು ಹಿಂದ್ಗಡೆ ಸೀಟು. ಕೆಟ್ಟೋನಲ್ಲ, ಪುರುಸೊತ್ತಿಲ್ಲ. ನೀನು ಬರ್ದಿದ್ನ ಓದಿ ಹೇಳಕ್ಕೆ ಅಂತ ಅವತ್ತು ನನ್ನ ಪಕ್ಕದಲ್ಲಿ ಕುಂತ. ಓದಿ ಮುಗಿಸಿ, ಮತ್ತೆ ಮೊದಲಿಂದ ಓದ್ದ. ನಿನ್ನ ಹೋಟ್ಲು ಮುದ್ದೆ ಗ್ಯಾಪಕ ಬತ್ತದೆ ಕಣವ್ವ ಅಂದ. ಒಂದಿನ ರಜಾ ಹಾಕ್ತೀನಿ, ಇಬ್ರೇ ಓಗವ ಅಂದ.’

ಶೇಷಾದ್ರಿ ಹಗ್ಗದ ಮೇಲಿದ್ದ ಕೊನೆಯ ಬಟ್ಟೆಯನ್ನು ತೆಗೆದುಕೊಟ್ಟ.

‘ನೀನೀಗ ಇಲ್ಲ ಇಲ್ಲ ಅಂತ ಕುಂತ್ರೆ, ನನ್ನ ಕತ್ತಿಗೊಂದು ಹೆಸ್ರು ಬರ್ದ ಚೀಟಿ ನ್ಯಾತಾಕಿ ಇನ್ನೊಂದು ಇಮಾನ ಹತ್ತಿಸ್ಬುಟ್ಟು ಆಪೀಸ್ಗೆ ಓಯ್ತಾನೆ. ಆವಮ್ಮ ಇಲ್ದಿದ್ರೆ ಬ್ಯಾಡ ಬುಡು. ನಂಗೆ ಮುದ್ದೆ ಬೇಕಾಗಿಲ್ಲ.’

‘ಹುಡುಕಿ ಹುಡುಕಿ ಸಿಗದಿದ್ರೆ ನನಗೆ ಉಗೀತಾರಲ್ಲಮ್ಮ. ಇಲ್ಲಿ ತಲೆ ಎತ್ಕೊಂಡು ಓಡಾಡೋಕಾಗಲ್ಲ.’

‘ಉಗೀತಾರೆ,’ ಅಂದರು ದೊಡ್ಡತಾಯಮ್ಮ. ‘ಉಗಿಸ್ಕೊ.’

ಅವರ ದನಿಯಲ್ಲಿ ಕೋಪವಿರಲಿಲ್ಲ. ತಾನು ಬರೆದ ಹುಚ್ಚಮ್ಮನ ಕಣ್ಣೀರಿಗೆ ತಾನೂ ಕಣ್ಣೊರೆಸಿಕೊಂಡಿದ್ದ ಶೇಷಾದ್ರಿಗೆ ಈಗ ಎದುರಿಗಿದ್ದ ಒಣಗಿದ ಕಣ್ಣುಗಳನ್ನು ನೋಡಿ ನಾಚಿಕೆಯಾಯಿತು. ಬಟ್ಟೆಯ ಕುಕ್ಕೆಯನ್ನು ಎತ್ತಿಕೊಂಡು ಅವರ ಹಿಂದೆ ಒಳಗೆ ಬಂದ.

‘ತಮಾಷೆಗೆ ಅಂದೆ,’ ಅಂದ ಎಲ್ಲರಿಗೂ. ‘ಹುಚ್ಚಮ್ಮ ಇದ್ದಾಳೆ. ಮೈಥಿಲಿ ಹೇಳಿದ್ದೇ ಸರಿ, ಜನ ಹೋಗಿ ಹಾಳು ಮಾಡ್ತಾರೆ ಅಂತ ಬಚ್ಚಿಟ್ಟಿದ್ದೆ.’

‘ನಾನು ಹೇಳ್ಲಿಲ್ವಾ,’ ಅಂದಳು ಮೈಥಿಲಿ. ಜಯರಾಮ್ ಸೋಫಾಕ್ಕೆ ಒರಗಿ ಉಸಿರು ಬಿಟ್ಟ. ಸಾರಿಗೆ ಉಪ್ಪು ಕಡಿಮೆ ಹಾಕೆಂದು ಹುಚ್ಚಮ್ಮನಿಗೆ ನನ್ನ ಹೆಸರು ಹೇಳಿ ತಿಳಿಸಿ ಅಂತ ಚೆಲುವರಾಜುವಿಗೆ ತಾಕೀತು ಮಾಡಿದ. ಊರ್ಮಿಳಾ ಗಂಡನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅವನ ಹಿಂದೆ ನಿಂತಿದ್ದ ದೊಡ್ಡತಾಯಮ್ಮನನ್ನು ನೋಡಿ ಬಾಯಿ ಮುಚ್ಚಿಕೊಂಡಳು.

ಶೇಷಾದ್ರಿ ಪೆನ್ಸಿಲು ಹಿಡಿದ. ನದಿ ಬರೆದ, ಮಾರುಕಟ್ಟೆ ಬರೆದ. ಮಾರುಕಟ್ಟೆಯಿಂದ ಹುಣಸೆಮರದವರೆಗೆ ಒಂದು ಗೆರೆ ಎಳೆದು ತಲೆಯೆತ್ತಿದರೆ, ದೊಡ್ಡತಾಯಮ್ಮ ಮಗನ ಬೆನ್ನ ಹಿಂದೆ ನಿಂತು ಆ ಗೆರೆಯನ್ನೇ ನೋಡುತ್ತಿದ್ದರು. ಅವನು ಗೆರೆಯನ್ನು ಅಳಿಸಿದ. ಒಂದು ಕಾಲುವೆ ಸೇರಿಸಿದ, ಅದರ ದಂಡೆಗುಂಟ ದಾರಿಯನ್ನು ಬಾಗಿಸಿದ. ಸೇತುವೆ ಹಾಕಿದ, ಸೇತುವೆಯಾಚೆ ಒಂದು ಗುಡಿ, ಗುಡಿಯ ಮುಂದೆ ಕೂತು ದಣಿವಾರಿಸಿಕೊಳ್ಳಲು ಒಂದು ಕಟ್ಟೆ. ಅಲ್ಲಿಂದ ಮತ್ತೊಂದು ಓಣಿ, ಮತ್ತೊಂದು ಕಾಲುವೆ. ಹಾಳೆಯ ಅಂಚು ಬಂದಾಗ ದಾರಿಯನ್ನು ಹಿಂದಕ್ಕೆ ತಿರುಗಿಸಿದ.

ಚೆಲುವರಾಜು ಬಗ್ಗಿ ನೋಡಿದ. ‘ಇದು ಸಿಕ್ಕಾಪಟ್ಟೆ ಸುತ್ತು ಅಲ್ವಾ ಸಾರ್? ಟ್ಯಾಕ್ಸಿ ಹೋಗಲ್ವಾ?’

‘ಟ್ಯಾಕ್ಸಿ ಹೋಗಲ್ಲ,’ ಅಂದ ಶೇಷಾದ್ರಿ. ‘ನಿಮ್ಮ ತಾಯಿ ಕೈ ಹಿಡ್ಕೊಂಡು ನಡ್ಕೊಂಡೇ ಹೋಗ್ಬೇಕು. ಬೇಗ ಸಿಗಲ್ಲ, ಬೆಳಗ್ಗೇನೇ ಹೊರಡಿ.’

ಅಷ್ಟು ಹೇಳಿ, ಉಗಿಯುವವರಿಗೆ ಅನುಕೂಲವಾಗಲೆಂದು ನಕ್ಷೆಯ ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಕೊಟ್ಟ.